ಇಪ್ಪತ್ತೇಳನೇ ನಂಬರಿನ ಎಡ ಮೊಣಕಾಲು

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಶುಕ್ರವಾರ ನನ್ನ ಸೋದರಮಾವ ತಂದದ್ದು ಬಸಳೆ ಸೊಪ್ಪು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಮಾವ ಎಷ್ಟೋ ಶುಕ್ರವಾರ ಬಸಳೆ ತಂದಿದ್ದಾರೆ, ಬೇರೆ ದಿನದ ಬಸಳೆ ಈ ದಿನಕ್ಕೆ ಬಂದು ಸೇರಿಕೊಂಡಿರಲೂಬಹುದು. ಅದು ಮಾರ್ಚ್ ತಿಂಗಳ ಕೊನೆಯೋ ಏಪ್ರಿಲ್‌ನ ಮೊದಲೋ ಎನ್ನುವುದೂ ಖಚಿತವಿಲ್ಲ. ಡೈರಿಯಲ್ಲಿ ನಾನು ತಾರೀಕು ಹಾಕುವುದಿಲ್ಲ, ವಾರದ ಹೆಸರಷ್ಟೇ ಬರೆಯುತ್ತೇನೆ. ಆ ಶುಕ್ರವಾರದ ಕೆಳಗೆ ಇರುವುದು ಮೂರೇ ವಾಕ್ಯ: ‘ಮಾವ ಬಂದಿದ್ದರು. ಮೊಣಕಾಲು ನೋಡಿದರು. ಷರಾ ಕಳಿಸಿದೆ.’ ಉಳಿದದ್ದೆಲ್ಲ ಆಮೇಲೆ ನಾನು ತುಂಬಿಸಿಕೊಂಡದ್ದು.

ನನ್ನ ಕೆಲಸವನ್ನು ಬೇರೆಯವರಿಗೆ ವಿವರಿಸುವುದು ಸುಲಭವಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೆ ಹೆಚ್ಚು ಕೆಲಸ. ಎರಡು ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಕವಚ. ಅಲ್ಲಿನ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಕಾಲೇಜು ತಂಡಗಳಲ್ಲಿ ಆಡಿ ಬಂದ ಹುಡುಗರನ್ನು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಮೂರು ದಿನ ನಡೆಯುತ್ತದೆ. ಆ ಮೂರು ದಿನದಲ್ಲಿ ಹೆಸರು ಬಾರದವರ ದಾರಿ ಕಷ್ಟದ್ದು. ಆರಿಸುವ ಮೊದಲು ತಂಡಗಳು ಪ್ರತಿಯೊಬ್ಬನ ಆಟದ ವಿಡಿಯೋವನ್ನು ತುಣುಕು ತುಣುಕಾಗಿ ನೋಡಿಸುತ್ತವೆ. ಒಂದು ತಂಡದವರು ಆ ನೋಡುವ ಕೆಲಸದ ಒಂದು ಪಾಲನ್ನು ಬೆಂಗಳೂರಿನ ಒಂದು ಸಣ್ಣ ಆಫೀಸಿಗೆ ಕೊಟ್ಟಿದ್ದಾರೆ. ಯಾವ ತಂಡ ಎಂದು ನಮಗೂ ಹೇಳಿಲ್ಲ. ಮದುವೆಗೆ ಮೊದಲು ನಾನು ಅದೇ ಆಫೀಸಿನಲ್ಲಿ ಕ್ರಿಕೆಟ್, ಕಬಡ್ಡಿಯ ವಿಡಿಯೋ ನೋಡುತ್ತಿದ್ದೆ. ಮದುವೆಯಾಗಿ ಒಮಾನಿಗೆ ಬಂದ ಮೇಲೆ ಮನೆಯಿಂದಲೇ ಈ ಕೆಲಸ ಮಾಡುತ್ತಿದ್ದೇನೆ.

ಮನೆ ಎಂದರೆ ಅಲ್ ಮವಾಲೇಹ್ ಎಂಬ ಬಡಾವಣೆಯ ಒಂದು ಕಟ್ಟಡದ ಎರಡನೇ ಮಹಡಿ. ನನ್ನವರು ಮೈಸೂರಿನವರು, ಇಂಜಿನಿಯರ್. ಅವರ ಪ್ರಾಜೆಕ್ಟ್ ಇಲ್ಲಿಂದ ದೂರದ ಇಬ್ರಿ ಎಂಬ ಊರಿನಲ್ಲಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಗುರುವಾರ ಸಂಜೆ ಬಂದು ಶನಿವಾರ ಮಧ್ಯಾಹ್ನ ಹೊರಡುತ್ತಾರೆ, ಅದೂ ಎರಡು ವಾರಕ್ಕೊಮ್ಮೆ. ಉಳಿದ ದಿನಗಳಲ್ಲಿ ನಾನು, ಎರಡು ಪರದೆಗಳು, ಏಸಿಯ ಸದ್ದು. ನಮಗೆ ಬರುವ ವಿಡಿಯೋದಲ್ಲಿ ಧ್ವನಿ ಇರುವುದಿಲ್ಲ. ಕ್ರೀಡಾಂಗಣದ ತುದಿಯಿಂದ, ಬಹಳ ಎತ್ತರದಿಂದ ತೆಗೆದದ್ದು. ಕೆಳಗೆ ಇಪ್ಪತ್ತೆರಡು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಏಳುತ್ತಾರೆ, ಮತ್ತೆ ಸಾಲಾಗಿ ನಿಲ್ಲುತ್ತಾರೆ. ಯಾರ ಮುಖವೂ ಕಾಣುವುದಿಲ್ಲ. ಹೆಸರೂ ಕೊಡುವುದಿಲ್ಲ, ಕಾಲೇಜಿಗೊಂದು ಅಕ್ಷರ, ಆಟಗಾರನಿಗೆ ಅಂಗಿಯ ಮೇಲಿನ ನಂಬರು, ಅಷ್ಟೇ. ಹೆಸರು ಕೇಳಿ ನೋಡುವವರ ಮನಸ್ಸು ಒಂದು ಕಡೆಗೆ ವಾಲಬಾರದಂತೆ.

ಪಕ್ಕದ ಮನೆಯಲ್ಲಿ ಇರುವವರ ಮುಖ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಒಬ್ಬ ಇಪ್ಪತ್ತೇಳನೇ ನಂಬರಿನವನು ಬಿದ್ದ ಮೇಲೆ ಯಾವ ಕೈ ಊರಿ ಏಳುತ್ತಾನೆ ಎಂದು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅವನು ಒಂದು ಚಿಕ್ಕ ಕಾಲೇಜಿನವನು. ಅವನ ಜಾಗಕ್ಕೆ ಕಾರ್ನರ್ ಎನ್ನುತ್ತಾರೆ: ಎದುರಾಳಿ ತಂಡದಲ್ಲಿ ಚೆಂಡು ಹಿಡಿಯಲು ಓಡುವವನ ಬೆನ್ನು ಬಿಡದೆ ಓಡುವುದು. ಎದುರಿನವನು ತಿರುಗುವ ಮೊದಲೇ ಇವನು ತಿರುಗಿರುತ್ತಿದ್ದ. ತುಣುಕಿನ ನಂತರ ತುಣುಕು ನೋಡುತ್ತ ನಾನು ಒಬ್ಬಳೇ ‘ಭೇಷ್’ ಎಂದದ್ದುಂಟು. ಮಾತಿಲ್ಲದ ಕೋಣೆಯಲ್ಲಿ ನನ್ನ ಧ್ವನಿ ಕೇಳಿ ನನಗೇ ಮುಜುಗರವಾಗುತ್ತಿತ್ತು.

ಪ್ರತಿ ತುಣುಕಿಗೂ ನಾವು ಹಲವು ಖಾನೆಗಳನ್ನು ತುಂಬಬೇಕು. ಮೊದಲ ಹೆಜ್ಜೆ ಯಾವ ಕಡೆಗೆ, ಸೊಂಟ ಯಾವಾಗ ತಿರುಗಿತು, ಹಿಡಿತ ಸಿಕ್ಕಿತೋ ಜಾರಿತೋ. ಕೊನೆಗೆ ಒಬ್ಬೊಬ್ಬ ಆಟಗಾರನಿಗೂ ಒಂದು ಸಾಲಿನ ಷರಾ. ಆ ಷರಾ ಮಾತ್ರ ನಮ್ಮ ಸ್ವಂತದ್ದು. ಮಿಕ್ಕಿದ್ದೆಲ್ಲ ಎಣಿಕೆ.

ಈ ಇಪ್ಪತ್ತೇಳರವನಲ್ಲಿ ಒಂದು ವಿಚಿತ್ರ ಕಂಡಿತು. ಮಾಮೂಲಿ ಆಟದಲ್ಲಿ ಅವನ ಓಟ ಜಿಂಕೆಯದ್ದು. ಆದರೆ ಚೆಂಡನ್ನು ದೂರ ಒದ್ದು ಎಲ್ಲರೂ ಅದರ ಹಿಂದೆ ಓಡುವ ತುಣುಕುಗಳಿರುತ್ತವಲ್ಲ, ಅವುಗಳಲ್ಲಿ ಇಪ್ಪತ್ತೇಳರವನು ಎಡಗಾಲಿನ ಮೇಲೆ ಭಾರ ಹಾಕಲು ಹೆದರಿದ ಹಾಗೆ ಓಡುತ್ತಿದ್ದ. ಬಿದ್ದರೆ ಬಲಗಾಲು ಮಡಚಿ, ಎರಡು ಕೈ ಊರಿ ಏಳುತ್ತಿದ್ದ. ದೂರ ಓಡಬೇಕಾದಾಗ ಮಾತ್ರ ನೋವು ಬರುತ್ತದೆ, ಮಿಕ್ಕ ಹೊತ್ತಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾನೆ ಎಂದು ನಾನು ತರ್ಕ ಮಾಡಿದೆ. ಈಗ ಬರೆಯುವಾಗ ಇದು ಎಷ್ಟು ದುರ್ಬಲ ತರ್ಕ ಎಂದು ಕಾಣುತ್ತದೆ. ಆಗ ಅದು ಒಂದು ಪತ್ತೆ ಎನಿಸಿತ್ತು.

ಆ ಶುಕ್ರವಾರ ಮಾವ ಊಟಕ್ಕೆ ಬಂದರು. ಮಾವ ಅಮ್ಮನ ತಮ್ಮ. ಇಲ್ಲೇ ಹತ್ತಿರದ ಘಾಲಾದ ಒಂದು ಗ್ಯಾರೇಜಿನಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತಿ ಬಣ್ಣ ಹೊಡೆಯುವವರ ಮೇಸ್ತ್ರಿ. ನನಗಿಂತ ಎಷ್ಟೋ ವರ್ಷ ಮೊದಲೇ ಇಲ್ಲಿಗೆ ಬಂದವರು. ನಮ್ಮ ಕಡೆ ದಕ್ಷಿಣ ಕನ್ನಡದಲ್ಲಿ ಪ್ರಾಯದ ಕಾಲದಲ್ಲಿ ಹೆಸರು ಮಾಡಿದ ಕಬಡ್ಡಿ ಆಟಗಾರ. ನನ್ನವರು ಇಲ್ಲದ ಶುಕ್ರವಾರಗಳಲ್ಲಿ ತಪ್ಪದೆ ಬರುತ್ತಾರೆ, ಕೈಯಲ್ಲಿ ಸೊಪ್ಪು ತರಕಾರಿಯ ಚೀಲ ಇರುತ್ತದೆ.

ಒಳಗೆ ಬಂದವರೇ ಪರದೆ ನೋಡಿ ನಕ್ಕರು. “ಶುಕ್ರವಾರವೂ ಇವರನ್ನು ಬಿಡುದಿಲ್ವಾ ನೀನು? ಮುಖ ತೋರಿಸ್ಲಿಕ್ಕೆ ನಾಚಿಕೆ ಎಂತ ಇವರಿಗೆ?”

“ಹೆಲ್ಮೆಟ್ ಮಾವ, ಹೆಲ್ಮೆಟ್.”

“ನಾವು ಚಡ್ಡಿ ಬನಿಯನ್ ಹಾಕಿ ಆಡ್ಲಿಲ್ವಾ? ಇಷ್ಟು ಸಾಮಾನು ಮೈಮೇಲೆ ಇದ್ರೆ ನನ್ನ ಅಜ್ಜಿಯೂ ಆಡ್ತಿದ್ರು.”

ಕೆಲಸದ ವಿಡಿಯೋವನ್ನು ಹೊರಗಿನವರಿಗೆ ತೋರಿಸಬಾರದು ಎಂಬ ಕರಾರಿಗೆ ನಾನು ಸಹಿ ಹಾಕಿದ್ದೇನೆ. ಆದರೂ ತೋರಿಸಿದೆ. ಎಷ್ಟು ದಿನದಿಂದ ಯಾರ ಜೊತೆಗೂ ಇದರ ಬಗ್ಗೆ ಮಾತಾಡಿರಲಿಲ್ಲವೋ. ಚೆಂಡು ಒದೆಯುವ ತುಣುಕುಗಳಲ್ಲಿ ನಾಲ್ಕೈದನ್ನು ಆರಿಸಿ ಹಾಕಿ, ‘ಇವನ ಕಾಲು ನೋಡಿ’ ಎಂದೆ. ಮಾವ ಕುರ್ಚಿ ಎಳೆದುಕೊಂಡು ಕೂತರು. ಕಬಡ್ಡಿಯಲ್ಲಿ ಮಾವನೂ ಕಾರ್ನರ್ ಜಾಗದವರೇ, ರೈಡು ಬಂದವನ ಪಾದದ ಮೇಲೆಯೇ ಕಣ್ಣಿಟ್ಟು ಕಾಯುವ ಜಾಗ ಅದು. ಎರಡನೇ ಸಲ ಹಾಕಿಸಿದರು. ಮೂರನೇ ಸಲ ಹಾಕುವ ಮೊದಲೇ ಹೇಳಿದರು:

“ಎಡ ಮೊಣಕಾಲು ಖಲಾಸ್.”

“ಖಂಡಿತವಾ?”

“ಮಾರಾಯ್ತಿ, ಅವ ಹಾರಿ ಇಳಿಯುವಾಗ ನೋಡು. ಹಿಮ್ಮಡಿ ಊರುದೇ ಇಲ್ಲ. ಅಂಥವ ರೈಡಿಗೆ ಬಂದ್ರೆ ನಾನು ಆ ಕಾಲನ್ನೇ ಹಿಡೀತಿದ್ದೆ.”

ನನಗೆ ಆದ ಸಂತೋಷ ಈಗಲೂ ನೆನಪಿದೆ. ಇದರಲ್ಲಿ ಮಾತ್ರ ನೆನಪಿನ ಬಗ್ಗೆ ಅನುಮಾನವಿಲ್ಲ. ನಾನು ಒಬ್ಬಳೇ ಕಂಡದ್ದನ್ನು ಇನ್ನೊಬ್ಬರೂ ಕಂಡಿದ್ದರು. ಮಾವ ಹೋದ ಮೇಲೆ ಷರಾ ಬರೆದೆ. ದೂರದ ಓಟದಲ್ಲಿ ಎಡ ಮೊಣಕಾಲನ್ನು ಕಾಯ್ದುಕೊಳ್ಳುತ್ತಾನೆ, ಹಳೆಯ ಪೆಟ್ಟನ್ನು ಮುಚ್ಚಿಡುತ್ತಿರುವ ಸಾಧ್ಯತೆ ಇದೆ, ಎಂಬ ಅರ್ಥದ ಒಂದು ಸಾಲು. ಕಳಿಸಿದೆ. ಬೆಂಗಳೂರಿನಲ್ಲಿ ನಮ್ಮ ಗುಂಪನ್ನು ನೋಡಿಕೊಳ್ಳುವ ಹುಡುಗಿ, ನನಗಿಂತ ಚಿಕ್ಕವಳು, ತಕ್ಷಣ ಉತ್ತರಿಸಿದಳು: “ಸೂಪರ್ ಕ್ಯಾಚ್ ಮ್ಯಾಮ್! ಅವರು ಫಸ್ಟ್ ಓದೋದೇ ಷರಾನ.”

ಎರಡು ವಾರದ ನಂತರ ಇರಬೇಕು, ಅದೇ ಕಾಲೇಜಿನ ಇನ್ನೊಬ್ಬ ಆಟಗಾರನಿಗಾಗಿ ಅದೇ ಪಂದ್ಯಗಳನ್ನು ಮತ್ತೆ ನೋಡುತ್ತಿದ್ದೆ. ಸಾಮಾನ್ಯವಾಗಿ ಒಂದು ತುಣುಕು ಆಟಗಾರರು ಸಾಲಾಗಿ ನಿಂತ ಮೇಲೆ ಶುರುವಾಗುತ್ತದೆ. ಒಂದು ತುಣುಕನ್ನು ಕತ್ತರಿಸಿದವರು ಸ್ವಲ್ಪ ಬೇಗ ಶುರು ಮಾಡಿಬಿಟ್ಟಿದ್ದರು. ಹಿಂದಿನ ಆಟ ಮುಗಿದು ಕೆಲವರು ಹೊರಗೆ ಬರುತ್ತಿದ್ದರು, ಒದೆತದ ಆಟಕ್ಕೆ ಕೆಲವರು ಒಳಗೆ ಹೋಗುತ್ತಿದ್ದರು. ಗೆರೆಯ ಹತ್ತಿರ ಹೊರಗೆ ಬರುತ್ತಿದ್ದ ಇಪ್ಪತ್ತೇಳು, ಒಳಗೆ ಹೋಗುತ್ತಿದ್ದ ಇಪ್ಪತ್ತೇಳರ ಕೈಗೆ ಕೈ ತಟ್ಟಿದ.

ನಾನು ಅದನ್ನು ನಿಲ್ಲಿಸಿ ನೋಡಿದೆ. ಹಿಂದೆ ತಿರುಗಿಸಿ ನೋಡಿದೆ. ಇಬ್ಬರು. ಒಂದೇ ಅಂಗಿ, ಒಂದೇ ನಂಬರು. ಹೊರಗೆ ಬಂದವನು ಜಿಂಕೆ. ಒಳಗೆ ಹೋದವನು ಎಡಗಾಲನ್ನು ಕಾಯ್ದುಕೊಂಡು ಹೋದ.

ಕಾಲೇಜು ತಂಡಗಳಲ್ಲಿ ಆಟಗಾರರು ಎಷ್ಟು ಜನ ಇರುತ್ತಾರೆ ಎಂದರೆ ಒಂದೇ ನಂಬರನ್ನು ಇಬ್ಬರಿಗೆ ಕೊಡುವುದುಂಟು. ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇರಬಾರದು, ಅಷ್ಟೇ ನಿಯಮ. ಅಮೆರಿಕದಲ್ಲಿ ಈ ಆಟ ನೋಡುವ ಚಿಕ್ಕ ಮಕ್ಕಳಿಗೂ ಇದು ಗೊತ್ತಿರಬಹುದು. ಕ್ರಿಕೆಟ್, ಕಬಡ್ಡಿ ನೋಡಿ ಬಂದ ನನಗೆ ಒಂದು ನಂಬರು ಎಂದರೆ ಒಬ್ಬ ಮನುಷ್ಯ. ಕೆಲಸಕ್ಕೆ ಸೇರಿದಾಗ ಕೊಟ್ಟ ಸೂಚನೆಯ ಪುಸ್ತಿಕೆ ತೆಗೆದು ಹುಡುಕಿದೆ. ಇತ್ತು, ಎರಡು ಸಾಲು. ನಾನು ಅದನ್ನು ಓದಿ ಮರೆತೆನೋ, ಓದಲೇ ಇಲ್ಲವೋ ತಿಳಿಯದು. ಪುಟದ ಮೇಲೆ ನನ್ನದೇ ಪೆನ್ಸಿಲ್ ಗುರುತು ಇದೆ, ಆದರೆ ಅದು ಬೇರೆ ಸಾಲಿಗೆ ಹಾಕಿದ್ದು.

ಮಾವ ಹೇಳಿದ್ದು ಸರಿಯೇ ಇತ್ತು. ಮೊಣಕಾಲು ಖಲಾಸ್ ಆಗಿದ್ದದ್ದು ಹೌದು. ಆದರೆ ಅದು ಡ್ರಾಫ್ಟಿಗೆ ನಿಂತವನ ಮೊಣಕಾಲಲ್ಲ.

ಇದರ ನಂತರದ ದಿನಗಳ ಬಗ್ಗೆ ನನಗೆ ನನ್ನ ಮೇಲೆಯೇ ನಂಬಿಕೆಯಿಲ್ಲ. ತಪ್ಪು ಕಂಡ ಮರುದಿನವೇ ಬೆಂಗಳೂರಿಗೆ ತಿಳಿಸಿದೆ ಎಂದು ನಾನು ಆಮೇಲೆ ಹೇಗೋ ನಂಬಿಕೊಂಡಿದ್ದೆ. ನನ್ನವರಿಗೂ ಹಾಗೇ ಹೇಳಿದ್ದೆ. ಇದನ್ನು ಬರೆಯಲು ಕೂತಾಗ ಕಳಿಸಿದ ಮೇಲ್ ತೆಗೆದು ನೋಡಿದರೆ ತಪ್ಪು ಕಂಡ ಭಾನುವಾರಕ್ಕೂ ಆ ಮೇಲಿಗೂ ನಡುವೆ ನಾಲ್ಕು ದಿನ ಇವೆ. ಆ ನಾಲ್ಕು ದಿನ ಏನು ಮಾಡಿದೆ? ಡೈರಿಯಲ್ಲಿ ಭಾನುವಾರ, ‘ಇಬ್ಬರು’ ಎಂದಿದೆ. ಸೋಮವಾರ ಏನೂ ಇಲ್ಲ. ಮಂಗಳವಾರ, ‘ತಲೆನೋವು’. ಬುಧವಾರ, ಗೋಡೆಯ ಬಣ್ಣ ಏಳುತ್ತಿರುವುದಾಗಿ ಕಟ್ಟಡದ ಕಾವಲುಗಾರನಿಗೆ ಹೇಳಿದ್ದು. ಗೋಡೆಯ ಬಣ್ಣದ ಬಗ್ಗೆ ದೂರು ಕೊಡಲು ನನಗೆ ಬಾಯಿ ಇತ್ತು.

ಹೆದರಿಕೆ ಏನೆಂದು ಹೇಳಬಲ್ಲೆ. ಒಂದು ತಪ್ಪು ಒಪ್ಪಿಕೊಂಡರೆ ನಾನು ನೋಡಿದ ಎಲ್ಲವನ್ನೂ ಮತ್ತೆ ನೋಡುತ್ತಾರೆ, ಆಮೇಲೆ ಕೆಲಸ ಇರುವುದಿಲ್ಲ ಎಂದು. ಸಂಬಳಕ್ಕೆ ಹೆದರಿದ್ದಲ್ಲ. ಬೆಳಿಗ್ಗೆ ಎದ್ದ ಮೇಲೆ ಸಂಜೆಯವರೆಗೆ ಆ ಪರದೆಗಳೂ ಇಲ್ಲದೆ ಈ ಮನೆಯಲ್ಲಿ ನಾನು ಏನು ಮಾಡುವುದು ಎಂಬ ಹೆದರಿಕೆ. ಆ ಹುಡುಗನ ಇಡೀ ಬದುಕನ್ನು ನಾನು ನನ್ನ ಬೇಸರದ ಜೊತೆ ತಕ್ಕಡಿಯಲ್ಲಿಟ್ಟು ನಾಲ್ಕು ದಿನ ತೂಗುತ್ತ ಕೂತಿದ್ದೆ ಎಂದು ಈಗ ಅನಿಸುತ್ತದೆ. ಆಗಲೂ ಹಾಗೆ ಅನಿಸಿತ್ತೇ? ಗೊತ್ತಿಲ್ಲ.

ಗುರುವಾರ ಮೇಲ್ ಮಾಡಿ, ಫೋನೂ ಮಾಡಿದೆ. ಬೆಂಗಳೂರಿನ ಹುಡುಗಿ ಪೂರ್ತಿ ಕೇಳಿಸಿಕೊಂಡಳು.

“ಅಯ್ಯೋ ಮ್ಯಾಮ್, ಡೂಪ್ಲಿಕೇಟ್ ನಂಬರ್ರಾ? ಎಲ್ಲರೂ ಒಂದ್ಸಲ ಮಾಡ್ತೀವಿ ಬಿಡಿ.”

“ತಿದ್ದಿ ಕಳಿಸಬಹುದಲ್ಲ?”

“ಫೈಲ್ ಮಂಗಳವಾರನೇ ಲಾಕ್ ಆಯ್ತು. ನಾನು ಒಂದು ನೋಟ್ ಹಾಕ್ತೀನಿ. ಓದ್ತಾರೋ ಇಲ್ವೋ, ಗ್ಯಾರಂಟಿ ಕೊಡಕ್ಕಾಗಲ್ಲ.”

“ಭಾನುವಾರವೇ ಹೇಳಿದ್ದರೆ?”

ಆ ಕಡೆ ಕೀಲಿಮಣೆ ಕುಟ್ಟುತ್ತಲೇ ಹೇಳಿದಳು: “ಮ್ಯಾಮ್, ಅವರ ಹತ್ರ ಡಾಕ್ಟರ್ಸ್ ಇದಾರೆ, ಸ್ಕ್ಯಾನ್ ಇದೆ, ಇಂಟರ್‌ವ್ಯೂ ಇದೆ. ನಮ್ಮ ಒಂದು ಸಾಲಿಂದ ಯಾರ ಲೈಫೂ ನಿಲ್ಲಲ್ಲ.”

ಅವರು ಮೊದಲು ಓದುವುದೇ ಷರಾ ಎಂದು ಇವಳೇ ಹೇಳಿದ್ದಳು. ನಾನು ಅದನ್ನು ನೆನಪಿಸಲಿಲ್ಲ. ನನ್ನ ಕೆಲಸವೂ ಹೋಗಲಿಲ್ಲ.

ಡ್ರಾಫ್ಟಿನ ಮೂರನೇ ದಿನ ಮುಗಿದದ್ದು ನಮ್ಮ ಭಾನುವಾರ ಬೆಳಗಾಗುವುದರೊಳಗೆ. ಎದ್ದು ಚಹಾ ಇಟ್ಟು ಪಟ್ಟಿ ತೆಗೆದೆ. ಅಂಗಿಯ ಬಣ್ಣದಿಂದ ಅವನ ಕಾಲೇಜನ್ನು, ಕಾಲೇಜಿನ ತಂಡದ ಪಟ್ಟಿಯಲ್ಲಿ ಕಾರ್ನರ್ ಜಾಗದ ಇಪ್ಪತ್ತೇಳರಿಂದ ಅವನ ಹೆಸರನ್ನು ನಾನು ಅಷ್ಟರಲ್ಲಿ ಪತ್ತೆ ಮಾಡಿದ್ದೆ. ಅದೂ ಕರಾರಿಗೆ ವಿರುದ್ಧವೇ. ಪಟ್ಟಿಯನ್ನು ಮೇಲಿಂದ ಕೆಳಕ್ಕೆ ನೋಡಿದೆ. ಕೆಳಗಿನಿಂದ ಮೇಲಕ್ಕೆ ನೋಡಿದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವನ ಹೆಸರು ಇರಲಿಲ್ಲ.

ಚಿಕ್ಕ ಕಾಲೇಜಿನವರು ಎಷ್ಟೋ ಜನ ಪಟ್ಟಿಯಲ್ಲಿ ಬರುವುದಿಲ್ಲ. ನಾನು ಷರಾ ಬರೆಯದಿದ್ದರೂ ಅವನ ಹೆಸರು ಬಾರದೆ ಹೋಗಬಹುದಿತ್ತು. ನಾನು ನೋಡಿದ್ದು ಒಂದೇ ತಂಡಕ್ಕಾಗಿ, ಬೇರೆ ತಂಡಗಳೂ ಅವನನ್ನು ಬಿಟ್ಟವಲ್ಲ. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಬಹುಶಃ ಅವನ ಮೇಲೆ ಆಸೆ ಇಟ್ಟಿದ್ದದ್ದು ಆ ಒಂದೇ ತಂಡವೇನೋ. ಯಾಕೆಂದರೆ ಅವನನ್ನು ನೋಡಲು ಕೇಳಿದ್ದು ಅವರು.

ಇಬ್ರಿಗೆ ಫೋನ್ ಮಾಡಿದೆ. ನನ್ನವರು ಸೈಟಿನಲ್ಲಿದ್ದರು, ಹಿಂದೆ ಯಂತ್ರಗಳ ಸದ್ದು.

“ಯಾಕಿಷ್ಟು ತಲೆ ಕೆಡಿಸ್ಕೋತೀಯಾ? ನೀನು ಬೇಕೂಂತ ಮಾಡಿದ್ದಲ್ವಲ್ಲ. ನಮ್ಮಲ್ಲೂ ರಿಪೋರ್ಟ್ ತಪ್ಪಾಗುತ್ತೆ, ತಿದ್ಕೋತೀವಿ.”

“ನಾವು ತಿದ್ದಿದ್ದು ಅವನಿಗೆ ಗೊತ್ತಾಗಲ್ಲವಲ್ಲ.”

“ಆ ಹುಡುಗ ನಿಂಗೆ ಏನಾಗ್ಬೇಕು ಹೇಳು?” ಎಂದು ನಕ್ಕರು. ಆಮೇಲೆ, “ಈ ಗುರುವಾರ ಬರಕ್ಕಾಗಲ್ಲ ಅನ್ಸುತ್ತೆ ಕಣೇ,” ಎಂದರು.

ಇಂಟರ್‌ನೆಟ್ಟಿನಲ್ಲಿ ಆ ಹುಡುಗ ಫೋಟೋ ಹಾಕುವ ಪುಟವೊಂದಿದೆ, ಯಾರು ಬೇಕಾದರೂ ನೋಡಬಹುದು. ಮೂರನೇ ದಿನದ ಒಂದು ಫೋಟೋ ಇತ್ತು. ಒಂದು ಸೋಫಾದ ಮೇಲೆ ಐದಾರು ಜನ ಇಕ್ಕಟ್ಟಾಗಿ ಕೂತಿದ್ದರು, ಎಲ್ಲರ ಕಣ್ಣೂ ಒಂದೇ ಕಡೆಗೆ, ಟೀವಿ ಇರಬೇಕು. ನಡುವೆ ಅವನು. ಅವನ ಮುಖವನ್ನು ನಾನು ಮೊದಲ ಬಾರಿ ನೋಡಿದ್ದು ಅಲ್ಲಿ. ನಾನು ಎಣಿಸಿದ್ದಕ್ಕಿಂತ ಚಿಕ್ಕವನ ಹಾಗೆ ಕಂಡ. ಆಮೇಲೆ ಅವನು ಏನೂ ಹಾಕಿರಲಿಲ್ಲ. ಆ ಪುಟದಲ್ಲಿ ಅವನಿಗೆ ಸಂದೇಶ ಕಳಿಸಬಹುದು. ಬರೆದೆ. ‘ನಾನು ಯಾರೆಂದು ನಿಮಗೆ ಗೊತ್ತಿಲ್ಲ’ ಎಂದು ಶುರು ಮಾಡಿ, ಇಬ್ಬರು ಇಪ್ಪತ್ತೇಳರ ವಿಷಯವನ್ನೆಲ್ಲ ಬರೆದೆ. ಓದಿ ನೋಡಿದರೆ ಅದು ಅವನಿಗೆ ಹೇಳಿದಂತೆ ಇರಲಿಲ್ಲ, ನಾನು ಹಗುರಾಗಲು ಬರೆದಂತೆ ಇತ್ತು. ಅಳಿಸಿದೆ. ಮರುದಿನ ಮತ್ತೆ ಅರ್ಧ ಬರೆದು ನಿಲ್ಲಿಸಿದೆ. ಹೇಳಿದರೆ ಅವನಿಗೆ ಏನು ಸಿಗುತ್ತದೆ? ಹೇಳದಿದ್ದರೆ, ತನ್ನ ಆಟದಲ್ಲೇ ಕೊರತೆ ಇತ್ತು ಎಂದು ಅವನು ಜೀವಮಾನ ಅಂದುಕೊಂಡು ಇರಬಹುದು. ಇರದೆಯೂ ಇರಬಹುದು. ಕೇಳಲು ನನಗೆ ಯಾರೂ ಇರಲಿಲ್ಲ.

ಶುಕ್ರವಾರ ಮಾವ ಬಂದರು. ಈ ಸಲ ಚೀಲದಲ್ಲಿ ಹಸಿ ಮಾವಿನಕಾಯಿ ಇತ್ತು, ಇದು ಖಚಿತ, ಉಪ್ಪಿನಕಾಯಿ ಇನ್ನೂ ಇದೆ. ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಮಾವನಿಗೆ ಮೊದಲು ಕೋಪ ಬಂತು.

“ನನ್ನ ಕಣ್ಣು ತಪ್ಪಿದ್ದು ಅಂತ ಹೇಳ್ಬೇಡ ಮತ್ತೆ.”

“ಇಲ್ಲ ಮಾವ. ನೀವು ಹೇಳಿದ್ದು ಸರಿ. ಅವ ಬೇರೆ, ಅಷ್ಟೇ.”

“ಹಾಗಾದ್ರೆ ಇವನ ಕಾಲು ಸರಿ ಉಂಟು?”

“ಸರಿ ಉಂಟು.”

“ಲಿಸ್ಟಿನಲ್ಲಿ ಹೆಸರಿಲ್ಲ?”

“ಇಲ್ಲ.”

ಮಾವ ಅನ್ನ ಕಲಸಿದರು. ಆಮೇಲೆ ಹೇಳಿದ್ದನ್ನು ನಾನು ಮೊದಲು ಎಂದೂ ಕೇಳಿರಲಿಲ್ಲ. ವೀಸಾ ಬಂತು, ಅದಕ್ಕೆ ಮಾವ ಕಬಡ್ಡಿ ಬಿಟ್ಟರು ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು. ವೀಸಾ ಬಂದ ದಿನ ಅಮ್ಮ ಪಾಯಸ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ, ಆದರೆ ಆಗ ನಾನು ಹುಟ್ಟಿದ್ದೆನೋ ಇಲ್ಲವೋ.

“ವೀಸಾ ಬಂದದ್ದು ಆಟ ಬಿಟ್ಟು ಎರಡು ವರ್ಷ ಕಳೆದು ಮಗಾ. ಮೊದಲು ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್ ಇತ್ತು. ಮೂರು ದಿನ ಆಡಿಸಿದ್ರು. ನನ್ನ ಕೈಯಿಂದ ಒಬ್ಬನೂ ತಪ್ಪಿಸ್ಕೊಂಡು ಹೋಗ್ಲಿಲ್ಲ. ಮೇಜಿನ ಹತ್ರ ಒಬ್ರು ಕೂತು ಬರೀತಾ ಇದ್ರು, ತಲೆ ಎತ್ತಿ ನೋಡುದು, ಬರೆಯುದು. ಸಾಯಂಕಾಲ ಗೋಡೆಗೆ ಲಿಸ್ಟ್ ಅಂಟಿಸಿದ್ರು. ನಾನು ಎರಡು ಸಲ ಹೋದೆ. ಒಂದು ಸಲ ಹೆಸರು ನೋಡ್ಲಿಕ್ಕೆ. ಇನ್ನೊಂದು ಸಲ, ಸರಿ ನೋಡಿದ್ನಾ ಅಂತ ನೋಡ್ಲಿಕ್ಕೆ.”

“ಯಾಕೆ ಬಿಟ್ಟರು ಅಂತ ಕೇಳಲಿಲ್ವಾ?”

“ಯಾರ ಹತ್ರ ಕೇಳುದು? ನನಗೇ ಗೊತ್ತಿತ್ತು, ನನ್ನ ಕುತ್ತಿಗೆ ಗಿಡ್ಡ, ಉಸಿರು ಕಮ್ಮಿ. ಹಾಗೆ ಅಂದ್ಕೊಂಡೆ. ಮತ್ತೆ ಆಡ್ಲಿಲ್ಲ.”

ಮಾವನ ಉಸಿರು ಕಡಿಮೆ ಎಂದು ನಾನು ಯಾರ ಬಾಯಲ್ಲೂ ಕೇಳಿಲ್ಲ. ಅವರ ಕುತ್ತಿಗೆ ನೋಡಿದೆ. ಎಲ್ಲರ ಕುತ್ತಿಗೆಯ ಹಾಗೇ ಇತ್ತು.

ಆಗ ಕೇಳಿದೆ. ಕೇಳಬಾರದಿತ್ತೇನೋ. ಅವರಿಗಾಗಿ ಕೇಳಿದ್ದಲ್ಲ, ನನ್ನ ಫೋನಿನಲ್ಲಿ ಅರ್ಧ ಬರೆದಿಟ್ಟದ್ದಕ್ಕಾಗಿ ಕೇಳಿದೆ.

“ಮಾವ, ಆ ಬರೀತಿದ್ದವರು ನಿಮ್ಮನ್ನು ಬೇರೆ ಯಾರೋ ಅಂತ ತಿಳ್ಕೊಂಡು ಬರೆದದ್ದಾದ್ರೆ? ನಿಮ್ಮ ಆಟದಲ್ಲಿ ಏನೂ ಕಮ್ಮಿ ಇರ್ಲಿಲ್ಲ ಅಂತಾದ್ರೆ? ಅವರು ಇವತ್ತು ಬಂದು ಅದನ್ನು ಹೇಳುದು ನಿಮಗೆ ಬೇಕಾ, ಬೇಡ್ವಾ?”

ಮಾವ ನನ್ನನ್ನು ನೋಡಲಿಲ್ಲ. ಕಲಸಿದ ಅನ್ನವನ್ನು ತಟ್ಟೆಯ ಒಂದು ಬದಿಗೆ ಒತ್ತರಿಸಿದರು. “ಸಾರು ಉಂಟಾ ಇನ್ನೂ?” ಎಂದರು. ಬಡಿಸಿದೆ. ಉಂಡು, ಕೈ ತೊಳೆದು, ತಟ್ಟೆಯನ್ನು ತಾವೇ ತೊಳೆದಿಟ್ಟು ಹೋದರು. ಮೊದಲು ಎಂದೂ ತಟ್ಟೆ ತೊಳೆದವರಲ್ಲ.

ಅದಾದ ಮೇಲೆ ಮೂರು ಶುಕ್ರವಾರ ಬಂದಿದ್ದಾರೆ. ಗ್ಯಾರೇಜಿನ ಸುದ್ದಿ, ಊರಿನ ಸುದ್ದಿ, ನನ್ನವರ ಪ್ರಾಜೆಕ್ಟು ಮುಗಿಯುವುದು ಯಾವಾಗ ಎಂಬುದು, ಎಲ್ಲ ಮಾತಾಡುತ್ತೇವೆ. ಬರುವಾಗ ಪರದೆಯ ಕಡೆ ನೋಡುವುದಿಲ್ಲ. ನಾನೂ ಮತ್ತೆ ಕೇಳಿಲ್ಲ. ಅರ್ಧ ಬರೆದ ಸಂದೇಶ ಫೋನಿನಲ್ಲಿ ಹಾಗೇ ಇದೆ. ಬೇಕಾ, ಬೇಡವಾ ಎಂದು ಮಾವ ಇನ್ನೂ ಹೇಳಿಲ್ಲ.